ಐದು ವ್ಯಾಗನ್‌ಗೆ ಒಂದೇ ತುಕ್ಕು ಬೇಡ, ಮೊದಲು ವರ್ಷ ಹಿಡಿಯಿರಿ

ನಮಸ್ಕಾರ ಸರ್. ನಿಮ್ಮ ಅಣ್ಣ ಇಂಗ್ಲೆಂಡಿನಿಂದ ತಂದುಕೊಟ್ಟ ಐದು ಓಓ ಅಳತೆಯ (ನಿಜವಾದುದರ 76ನೇ ಒಂದು ಭಾಗ) ಮಾದರಿ ರೈಲಿನ ವ್ಯಾಗನ್‌ಗಳ ಫೋಟೊ ನೋಡಿದೆ. ಬ್ರಿಟನ್ನಿನ ಹಳೆ ರೈಲ್ವೆ ಕಂಪನಿಗಳಾದ ಗ್ರೇಟ್ ವೆಸ್ಟರ್ನ್‌ದು, ಸದರ್ನ್‌ದು, ಎಲ್‌ಎಂಎಸ್‌ನ (ಲಂಡನ್ ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್) ಮುಚ್ಚಿದ ವ್ಯಾಗನ್, ಕಲ್ಲಿದ್ದಲು ವ್ಯಾಪಾರಿಯ ಹೆಸರಿನ ಮರದ ವ್ಯಾಗನ್, ಬ್ರಿಟಿಷ್ ರೈಲ್ವೇಸ್‌ನ 16 ಟನ್ ಉಕ್ಕಿನದು. ಐದಕ್ಕೂ ಯಾವ ತುಕ್ಕಿನ ಬಣ್ಣ, ಒಂದೇ ಬಾಟಲಿ ಸಾಕಾ ಅಂತ ಕೇಳಿದ್ದೀರಿ.

ಬಾಟಲಿ ಆಮೇಲೆ ನೋಡೋಣ. ಮೊದಲು ನಿಮ್ಮ ರೈಲು ಯಾವ ವರ್ಷದ್ದು ಅಂತ ಗೊತ್ತುಮಾಡಿಕೊಳ್ಳಿ. ಈ ಐದೂ ಒಂದೇ ಗೂಡ್ಸ್ ಗಾಡಿಯಲ್ಲಿ ಇರಬೇಕಾದರೆ 1950ರ ಆಸುಪಾಸು ಸರಿ. 1948ರ ಜನವರಿ 1ರಂದು ಅಲ್ಲಿನ ನಾಲ್ಕು ದೊಡ್ಡ ರೈಲ್ವೆ ಕಂಪನಿಗಳೂ ಸರ್ಕಾರದ ಕೈಗೆ ಬಂದು ಬ್ರಿಟಿಷ್ ರೈಲ್ವೇಸ್ ಆದವು. ಆದರೆ ಲಕ್ಷಗಟ್ಟಲೆ ವ್ಯಾಗನ್‌ಗಳಿಗೆ ಒಂದೇ ದಿನ ಬಣ್ಣ ಬಳಿಯೋಕಾಗುತ್ತಾ? ಹಳೆ ಬಣ್ಣದವು ವರ್ಷಗಟ್ಟಲೆ ಹಾಗೇ ಓಡಿದವು. ಹಾಗಾಗಿ ಮೈಮೇಲಿನ ಬಣ್ಣ ನೋಡಿದರೆ ಅದನ್ನು ಬಳಿದು ಎಷ್ಟು ಕಾಲವಾಯಿತು ಅಂತ ಸುಮಾರಾಗಿ ಹೇಳಬಹುದು. ಕೊಳೆ ಎಷ್ಟು ಹಾಕಬೇಕು ಅನ್ನೋದೂ ಅದರಿಂದಲೇ ಗೊತ್ತಾಗುತ್ತದೆ.

ಗ್ರೇಟ್ ವೆಸ್ಟರ್ನ್‌ಗೆ ಗಾಢ ಬೂದು, ಕೆಳಗಿನ ಚೌಕಟ್ಟಿಗೂ ಅದೇ. ಸದರ್ನ್‌ಗೆ ಗಾಢ ಕಂದು. ಎಲ್‌ಎಂಎಸ್ 1936ರ ಸುಮಾರಿಗೆ ಬೂದು ಬಿಟ್ಟು ಬಾಕ್ಸೈಟ್ ಅನ್ನೋ ಕೆಂಪುಗಂದು ಹಿಡಿಯಿತು. ಬ್ರಿಟಿಷ್ ರೈಲ್ವೇಸ್ ಕಾಲದಲ್ಲಿ ಬಣ್ಣಕ್ಕೆ ಇನ್ನೊಂದು ಅರ್ಥ ಬಂತು: ವ್ಯಾಕ್ಯೂಮ್ ಬ್ರೇಕ್ (ಎಂಜಿನ್‌ನಿಂದಲೇ ಪೈಪ್ ಮೂಲಕ ಹಾಕುವ ಬ್ರೇಕ್) ಇದ್ದರೆ ಬಾಕ್ಸೈಟ್, ಇಲ್ಲದಿದ್ದರೆ ಬೂದು. ನಿಮ್ಮ 16 ಟನ್‌ದಕ್ಕೆ ಆ ಬ್ರೇಕ್ ಇಲ್ಲ, ಬೂದು ಹಾಕಿ. ಪಕ್ಕದಲ್ಲಿ ಓರೆಯಾದ ಬಿಳಿ ಪಟ್ಟಿ ಮರೆಯಬೇಡಿ. ಅದರ ಮೇಲ್ತುದಿ ಯಾವ ಕಡೆಗಿದೆಯೋ ಆ ಕಡೆಯ ಕೊನೆಯಲ್ಲಿ ಬಾಗಿಲು ಇರುತ್ತದೆ.

ಈಗ ಮುಖ್ಯ ವಿಷಯ. ಮರಕ್ಕೆ ತುಕ್ಕು ಹಿಡಿಯೋಲ್ಲ! ನಾನು ಶುರುವಿನಲ್ಲಿ ಎಂಟು ವ್ಯಾಗನ್‌ಗೂ ಒಂದೇ ಕಂದು ನೀರು ಬಳಿದಿದ್ದೆ. ಪಕ್ಕಪಕ್ಕ ನಿಲ್ಲಿಸಿದಾಗ ಎಂಟೂ ಒಂದೇ ಆಗಿ ಕಂಡವು. ಎಲ್ಲವನ್ನೂ ತೊಳೆದು ಮತ್ತೆ ಮಾಡಿದೆ. ಮರದ ವ್ಯಾಗನ್‌ನಲ್ಲಿ ತುಕ್ಕು ಕಬ್ಬಿಣದ ಪಟ್ಟಿ, ಬೋಲ್ಟುಗಳ ಸುತ್ತ ಮಾತ್ರ. ಹಲಗೆಯ ಬಣ್ಣ ಕಿತ್ತುಹೋಗಿ ಒಳಗಿನ ಮರ ಬೂದಾಗಿ ಕಾಣುತ್ತದೆ.

ವ್ಯಾಪಾರಿಯ ವ್ಯಾಗನ್ ಐದರಲ್ಲಿ ಅತಿ ಹಳೆಯ ಬಣ್ಣದ್ದು. 1939ರಲ್ಲಿ ಯುದ್ಧ ಶುರುವಾದಾಗ ಇಂಥ ಖಾಸಗಿ ವ್ಯಾಗನ್‌ಗಳಲ್ಲಿ ಬಹುಪಾಲನ್ನು ಸರ್ಕಾರ ತೆಗೆದುಕೊಂಡಿತು. ಆಮೇಲೆ ಆ ಅಂದದ ಅಕ್ಷರಗಳನ್ನು ಮತ್ತೆ ಬರೆಯುವವರೇ ಇರಲಿಲ್ಲ. ಹಲಗೆ ಮುರಿದರೆ ಹೊಸದು ಹಾಕುತ್ತಿದ್ದರು, ಬಣ್ಣ ಇಲ್ಲದೆ. ಅದಕ್ಕೇ ಇದರಲ್ಲಿ ಒಂದೋ ಎರಡೋ ಹಲಗೆಗೆ ತಮಿಯಾ ಕಂಪನಿಯ ಎಕ್ಸ್‌ಎಫ್-57 ಅನ್ನೋ ಮಾಸಲು ಹಳದಿಗಂದು ಬಣ್ಣಕ್ಕೆ ಸ್ವಲ್ಪ ಬೂದು ಬೆರೆಸಿ ಹಚ್ಚಿ. ಅಕ್ಷರ ಆ ಹಲಗೆಯಲ್ಲಿ ತುಂಡಾಗಬೇಕು. ಉಳಿದ ಅಕ್ಷರದ ಮೇಲೆ ಮೂಲ ಬಣ್ಣವನ್ನೇ ತುಂಬಾ ತೆಳ್ಳಗೆ ಮಾಡಿ ಎಳೆಯಿರಿ, ಮಾಸಿದಂತೆ ಕಾಣುತ್ತದೆ. ಕೆಳಮೂಲೆಯಲ್ಲಿ ಕಪ್ಪು ತೇಪೆ, ಅದರ ಮೇಲೆ ಪಿ ಅಕ್ಷರದಿಂದ ಶುರುವಾಗುವ ಹೊಸ ನಂಬರ್. ನನಗೆ ಐದರಲ್ಲಿ ಇದೇ ಇಷ್ಟ. ಇದಕ್ಕೆ ಒಂದು ಭಾನುವಾರ ಪೂರ್ತಿ ಕೊಟ್ಟರೂ ತಪ್ಪಿಲ್ಲ.

ಉಕ್ಕಿನದರ ಕಥೆ ಬೇರೆ. ಒದ್ದೆ ಕಲ್ಲಿದ್ದಲು ಬಿದ್ದೂ ಬಿದ್ದೂ ಒಳಗಿನ ಬಣ್ಣ ಬೇಗ ಹೋಗುತ್ತದೆ, ತುಕ್ಕು ಹಿಡಿಯುತ್ತದೆ. ಒಳಗೆ ಪೂರ್ತಿ ತುಕ್ಕಿನ ಬಣ್ಣ ಹಾಕಿ. ಹೊರಗೆ ಹೇರ್‌ಸ್ಪ್ರೇ ವಿಧಾನ ಚೆನ್ನಾಗಿ ಬರುತ್ತದೆ. ಮೊದಲು ತುಕ್ಕಿನ ಬಣ್ಣ ಬಳಿದು ವಾರ್ನಿಶ್ ಹಾಕಿ, ಒಂದು ದಿನ ಬಿಡಿ. ಅದರ ಮೇಲೆ ಹೇರ್‌ಸ್ಪ್ರೇ, ಒಣಗಿದ ಮೇಲೆ ಅಕ್ರಿಲಿಕ್ ಬೂದು. ಅರ್ಧ ಗಂಟೆ ಬಿಟ್ಟು ಬೆಚ್ಚಗಿನ ನೀರು ಹಚ್ಚಿ, ಹಳೆ ಟೂತ್‌ಬ್ರಶ್‌ನಿಂದ ಬೆಸುಗೆಯ ಗೆರೆ, ಬಾಗಿಲ ಅಂಚಿನ ಹತ್ತಿರ ಮೆಲ್ಲಗೆ ಉಜ್ಜಿ. ರಾತ್ರಿಯೆಲ್ಲ ಬಿಟ್ಟರೆ ಬೂದು ಗಟ್ಟಿಯಾಗಿ ಏಳೋದೇ ಇಲ್ಲ. 1950ಕ್ಕೆ ಇದು ತೀರಾ ಹಳೆಯದಲ್ಲ, ಜಾಸ್ತಿ ಉಜ್ಜಬೇಡಿ.

ಉಳಿದ ಮೂರಕ್ಕೆ ತೆಳು ಕೊಳೆ ಸಾಕು. ಎನಾಮೆಲ್ ಬಣ್ಣಕ್ಕೆ ಟರ್ಪೆಂಟೈನ್ ಬೆರೆಸಿ ಬಳಿಯಿರಿ, ಹತ್ತು ನಿಮಿಷ ಬಿಟ್ಟು ಚಪ್ಪಟೆ ಬ್ರಶ್‌ನಿಂದ ಮೇಲಿಂದ ಕೆಳಕ್ಕೆ ಒರೆಸಿ. ಮಳೆ ನೀರು ಇಳಿಯೋ ದಿಕ್ಕಿನಲ್ಲೇ ಕೈ ಆಡಬೇಕು, ಅಡ್ಡಡ್ಡ ಒರೆಸಬೇಡಿ. ಕೆಳಗಿನ ಮೂಲ ಬಣ್ಣ ಅಕ್ರಿಲಿಕ್ ಆಗಿರಲಿ, ಆಗ ಟರ್ಪೆಂಟೈನ್ ಅದನ್ನು ಕರಗಿಸೋಲ್ಲ. ಡೀಕಲ್ (ಅಕ್ಷರ, ನಂಬರ್ ಇರೋ ತೆಳು ಅಂಟುಹಾಳೆ) ಅಂಟಿಸೋ ಮೊದಲು ಹೊಳಪಿನ ವಾರ್ನಿಶ್ ಒಂದು ಕೋಟ್ ಹಾಕಿ, ಇಲ್ಲದಿದ್ದರೆ ಅಂಚು ಬೆಳ್ಳಗೆ ಕಾಣುತ್ತದೆ.

ಐದಕ್ಕೂ ಒಂದೇ ಆಗಿರಬೇಕಾದ್ದು ಕೆಳಭಾಗ ಮಾತ್ರ. ಚಕ್ರವನ್ನು ಒತ್ತುವ ಬ್ರೇಕ್ ಬ್ಲಾಕ್‌ನ ಕಬ್ಬಿಣದ ಪುಡಿ, ಹಳಿಯ ಧೂಳು ಸೇರಿ ಅಲ್ಲಿ ಎಲ್ಲವೂ ಕಂದಾಗುತ್ತದೆ. ಹಂಬ್ರೋಲ್ ಕಂಪನಿಯ 62 (ಚರ್ಮದ ಕಂದು) ಮತ್ತು 33 (ಕಪ್ಪು) ಬೆರೆಸಿ ಹಚ್ಚಿ. ಚಕ್ರ ಹಳಿಗೆ ತಾಗೋ ಜಾಗಕ್ಕೆ ಮಾತ್ರ ಬಣ್ಣ ಬೇಡ.

ಒಂದು ಎಚ್ಚರಿಕೆ. ಮಳೆ ಬರೋ ದಿನ ಮ್ಯಾಟ್ ವಾರ್ನಿಶ್ ಸ್ಪ್ರೇ ಮಾಡಬೇಡಿ. ಜುಲೈನಲ್ಲಿ ಇಲ್ಲಿ ಬೆಂಗಳೂರಿನಲ್ಲಿ ನನ್ನದೊಂದು ಹಾಲಿನಂತೆ ಬೆಳ್ಳಗಾಯಿತು. ಒಣ ಹವೆ ಬಂದ ಮೇಲೆ ಮತ್ತೊಂದು ತೆಳು ಕೋಟ್ ಹಾಕಿದಾಗ ಬಹುಪಾಲು ಸರಿಹೋಯಿತು, ಮೂಲೆಗಳಲ್ಲಿ ಇನ್ನೂ ಇದೆ.

ಉಜ್ಜಿದ ಮೇಲೆ, ವಾರ್ನಿಶ್ ಹಾಕೋ ಮೊದಲು, ಆ 16 ಟನ್‌ದರ ಫೋಟೊ ಇಲ್ಲಿ ಹಾಕಿ ಸರ್. ಎಲ್ಲಿ ನಿಲ್ಲಿಸಬೇಕು ಅಂತ ನೋಡಿ ಹೇಳುತ್ತೇನೆ.