ಮನೆಮಾತು ಮರಾಠಿ, ಕವಿತೆ ಹಿಂದಿ

ಹೋದ ತಿಂಗಳು ಈ ಅಂಕಣದಲ್ಲಿ ಹಿಂದಿ ಕವಿ ಗಜಾನನ ಮಾಧವ ಮುಕ್ತಿಬೋಧರ ಹೆಸರು ಒಂದು ಸಾಲಿನಲ್ಲಿ ಬಂದು ಹೋಗಿತ್ತು. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಬೀದರಿನಲ್ಲಿ ಇಪ್ಪತ್ತೆಂಟು ವರ್ಷ ಹಿಂದಿ ಪಾಠ ಹೇಳಿ ಈಗ ಮನೆಯಲ್ಲಿ ಕೂತಿರುವವನು ನಾನು. ಇಂಥ ಪತ್ರ ಬಂದರೆ ಬಿಡುತ್ತೇನಾ? ಉಳಿದ ಪ್ರಶ್ನೆಗಳೆಲ್ಲ ಮುಂದಿನ ತಿಂಗಳಿಗೆ.

ಸರ್, ನಮ್ಮ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಈಗ ಎಂ.ಎ. ಹಿಂದಿ. ಹಿಂದಿಯಲ್ಲಿ ಕವಿತೆ ಬರೆಯುತ್ತೇನೆ. ಕ್ಲಾಸಿನಲ್ಲಿ ಓದಿದರೆ ‘ಮರಾಠಿ ವಾಸನೆ ಬರ್ತದ’ ಅಂತ ನಗುತ್ತಾರೆ. ಮುಕ್ತಿಬೋಧರ ಮನೆಮಾತೂ ಮರಾಠಿ ಅಂತೆ, ಖರೇನಾ? ಒಂದು ಕವಿತೆ ಜೊತೆಗಿಟ್ಟಿದ್ದೇನೆ.
— ವಿದ್ಯಾರ್ಥಿನಿ, ಭಾಲ್ಕಿ

ಖರೇ, ತಂಗಿ. 1917ರ ನವೆಂಬರ್ 13ರಂದು ಗ್ವಾಲಿಯರ್ ಸಂಸ್ಥಾನದ ಶ್ಯೋಪುರದಲ್ಲಿ ಹುಟ್ಟಿದ ಮರಾಠಿ ಮನೆಯ ಹುಡುಗ ಅವರು. ತಂದೆ ಪೊಲೀಸ್ ಇಲಾಖೆಯವರು. ವರ್ಗವಾದ ಕಡೆಗೆಲ್ಲ ಸಂಸಾರವೂ ಗಂಟುಮೂಟೆ ಕಟ್ಟುತ್ತಿತ್ತು. ಒಂದೇ ಮನೆಯಿಂದ ಇಬ್ಬರು ಕವಿಗಳು ಬಂದರು. ಗಜಾನನ ಹಿಂದಿ ಹಿಡಿದರು. ತಮ್ಮ ಶರಚ್ಚಂದ್ರ ಮರಾಠಿಯಲ್ಲೇ ಬರೆದು ಅಲ್ಲಿ ಹೆಸರಾದರು. ಅಣ್ಣನ ಹಿಂದಿ ಒರಟು, ವಾಕ್ಯ ಮುಗಿಯುವುದೇ ಇಲ್ಲ, ಸಂದಿಯಲ್ಲಿ ಮರಾಠಿ ಇಣುಕುತ್ತದೆ ಎಂದು ಮೂಗು ಮುರಿದವರಿದ್ದರು. ಇವತ್ತು ಅದೇ ಒರಟು ಹಿಂದಿಯನ್ನು ನಿನ್ನ ಕ್ಲಾಸಿನಲ್ಲಿ ಪಾಠವಾಗಿ ಓದಿಸುತ್ತಾರೆ. ದೂರದವರ ಮಾತೇಕೆ, ನಮ್ಮ ಬೇಂದ್ರೆಯವರ ಮನೆಮಾತೂ ಮರಾಠಿಯೇ ಅಲ್ವಾ?

ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಲೆಕ್ಕ ಮರಾಠಿಯಲ್ಲಿ ನಡೆಯುತ್ತದೆ, ಚೌಕಾಶಿ ದಖನಿ ಉರ್ದುವಿನಲ್ಲಿ, ಜಗಳ ಬಂದರೆ ಕನ್ನಡದಲ್ಲಿ. ಇಂಥ ಕಡೆ ಬೆಳೆದವರ ಬರಹಕ್ಕೆ ಒಂದೇ ವಾಸನೆ ಇದ್ದರೆ ನನಗೆ ಅನುಮಾನ ಬರುತ್ತದೆ.

ಇನ್ನು ನಿನ್ನ ಕವಿತೆ. ಅಜ್ಜಿ ಕೂತಿರುವುದು ಮರಾಠಿಯ ‘ಓಸರಿ’ಯಲ್ಲಿ, ಅಂದರೆ ಪಡಸಾಲೆಯಲ್ಲಿ. ಹಿಂದಿಯವರು ‘ಓಸಾರಾ’ ಅನ್ನುತ್ತಾರೆ, ‘ಬರಾಮ್‌ದಾ’ ಅನ್ನುತ್ತಾರೆ. ನಿನ್ನ ಅಜ್ಜಿ ಯಾವತ್ತಾದರೂ ಬರಾಮ್‌ದಾದಲ್ಲಿ ಕೂತಿದ್ದಾರಾ? ಓಸರಿಯಲ್ಲೇ ಇರಲಿ, ಎಬ್ಬಿಸಬೇಡ. ಆದರೆ ಏಳನೇ ಸಾಲಿನಲ್ಲಿ ‘ಆವಾಜ್ ಆಯಾ’ (ಸದ್ದು ಬಂತು) ಎಂದು ಬರೆದಿದ್ದೀಯ. ಮರಾಠಿಯಲ್ಲಿ ಆವಾಜು ಗಂಡು, ಹಿಂದಿಯಲ್ಲಿ ಹೆಣ್ಣು. ‘ಆಯೀ’ ಆಗಬೇಕು. ಓಸರಿ ಅಜ್ಜಿಯದು, ಇದು ಸುಮ್ನೆ ತಪ್ಪು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ನಗುವವರಿಗೆ ಉತ್ತರ ಕೊಡೋಕೆ ಹೋಗಬೇಡ.

ಮುಕ್ತಿಬೋಧರ ‘ಅಂಧೇರೆ ಮೇಂ’ (ಕತ್ತಲಲ್ಲಿ) ಕವಿತೆ ಪಾಠ ಮಾಡಬೇಕಿದೆ. ನಾಲ್ಕು ಸಲ ಓದಿದೆ. ತಲೆಬುಡ ತಿಳಿಯಲಿಲ್ಲ. ಹುಡುಗರ ಮುಂದೆ ಹೇಗೆ ನಿಲ್ಲಲಿ?
— ಅತಿಥಿ ಉಪನ್ಯಾಸಕರು, ಕಲಬುರಗಿ

ನಾನು ನಿಂತ ಹಾಗೆ ನಿಲ್ಲಬೇಡಿ. ಮೊದಲ ವರ್ಷ ಗೈಡ್ ನೋಡಿಕೊಂಡು ಹೋಗಿ ‘ಕವಿ ಇಲ್ಲಿ ಮಧ್ಯಮ ವರ್ಗದ ತೊಳಲಾಟವನ್ನು ಚಿತ್ರಿಸಿದ್ದಾನೆ’ ಎಂದು ನೋಟ್ಸ್ ಬರೆಸಿದೆ. ಹುಡುಗರು ಬರೆದುಕೊಂಡರು, ಪಾಸೂ ಆದರು. ನನಗೇ ಏನೂ ತಿಳಿದಿರಲಿಲ್ಲ.

ಆಗ ಬೀದರಿನ ಹಳೇ ಗೋಪುರ ಚೌಬಾರಾದ ಹಿಂದಿನ ಗಲ್ಲಿಯಲ್ಲಿ ಬಾಡಿಗೆಗಿದ್ದೆ. ಹಳೇ ಗಚ್ಚಿನ ಗೋಡೆ. ಒಂದು ಶ್ರಾವಣದಲ್ಲಿ ವಾರಗಟ್ಟಲೆ ಜಿಟಿಜಿಟಿ ಮಳೆ. ರಾತ್ರಿ ಕರೆಂಟು ಹೋಗಿತ್ತು, ಕಂದೀಲು ಹಚ್ಚಿಕೊಂಡು ಕೂತಿದ್ದೆ. ಎದುರಿನ ಗೋಡೆಯಿಂದ ಸಣ್ಣಗೆ ಉಸುಕು ಉದುರಿತು, ಹಿಂದೆಯೇ ಅಂಗೈಯಗಲದ ಗಿಲಾವು ಕಳಚಿ ಬಿತ್ತು. ನೋಡಿದರೆ, ಉಳಿದ ಜಾಗದಲ್ಲಿ ಒಂದು ಮುಖ! ಚೂಪು ಮೂಗು, ಅಗಲ ಹಣೆ. ಮೈ ಜುಮ್ಮೆಂದಿತು. ಕವಿತೆ ಶುರುವಾಗುವುದೇ ಹೀಗೆ. ಕತ್ತಲ ಕೋಣೆಗಳಲ್ಲಿ ಯಾರೋ ಓಡಾಡುವ ಸದ್ದು, ಗೋಡೆಯ ಗಿಲಾವು ಉದುರಿ ತಾನಾಗಿ ಮೂಡುವ ಮುಖ. ನಾನು ಅಲ್ಲಿ ‘ಪ್ರತೀಕ’ ಹುಡುಕುತ್ತಿದ್ದೆ. ಕವಿ ಬರೆದದ್ದು ಗೋಡೆಯನ್ನು.

ಮಾರನೇ ದಿನ ನೋಟ್ಸ್ ಬಿಟ್ಟು ಕತೆ ಹೇಳಿದೆ. ನಡುರಾತ್ರಿ ಬಾಗಿಲ ಸರಪಳಿ ಬಡಿಯುತ್ತದೆ. ಒಳಗಿರುವವನಿಗೆ ಏಳಲು ಅಂಜಿಕೆ. ಎದ್ದು ತೆಗೆಯುವಷ್ಟರಲ್ಲಿ ಹೊರಗೆ ಯಾರೂ ಇಲ್ಲ. ಮುಂದೆ ಬೀದಿಯಲ್ಲಿ ಬ್ಯಾಂಡ್ ಬಾರಿಸುತ್ತ ಮೆರವಣಿಗೆ. ಸೈನಿಕರ ಜೊತೆ ಪತ್ರಕರ್ತರು, ವಿಮರ್ಶಕರು, ಕವಿಗಳು, ಮಂತ್ರಿಗಳು ನಡೆದಿದ್ದಾರೆ. ಹಗಲು ಮರ್ಯಾದಸ್ಥರು, ಎಲ್ಲ ಗುರುತಿನವರೇ. ಅವರ ನಡುವೆ ಊರಿನ ಹೆಸರುವಾಸಿ ಕೊಲೆಗಾರ ಡೋಮಾಜಿ ಉಸ್ತಾದ್. ಇವರ ಬಣ್ಣ ಬಯಲಾದದ್ದನ್ನು ನಾನು ಕಂಡುಬಿಟ್ಟೆ, ಇನ್ನು ನನಗೆ ಶಿಕ್ಷೆ ತಪ್ಪಿದ್ದಲ್ಲ ಎಂದು ಕತೆ ಹೇಳುವವನು ಹೆದರುತ್ತಾನೆ. ಕೊನೆಬೆಂಚಿನವರೂ ಕಿವಿ ನಿಮಿರಿಸಿದ್ದರು. ಮಾತಾಡುವ ಅಪಾಯವನ್ನೆಲ್ಲ ಇನ್ನು ಮೈಮೇಲೆ ಎಳೆದುಕೊಳ್ಳಲೇಬೇಕು, ಮಠ ಗಢಗಳನ್ನೆಲ್ಲ ಒಡೆಯಲೇಬೇಕು ಎಂಬ ಸಾಲು ಬಂದಾಗ ಒಬ್ಬ ಎದ್ದು ನಿಂತು ಕೇಳಿದ: “ಸರ್, ಗಢ ಅಂದ್ರ ನಮ್ಮ ಬೀದರ್ ಕಿಲ್ಲಾನೂ ಬಂತೇನ್ರಿ?” ಕ್ಲಾಸು ನಕ್ಕಿತು. ಇನ್ನೊಬ್ಬ ಮೆಲ್ಲಗೆ ಹೇಳಿದ: “ಮಠ ಅಂದಾರ, ಅದನ್ನ ಕೇಳು.” ಆಮೇಲೆ ಯಾರೂ ನಗಲಿಲ್ಲ.

ಇನ್ನೊಂದು ಮಾತನ್ನೂ ನಿಮ್ಮ ಹುಡುಗರಿಗೆ ಹೇಳಿ. ಈ ಕವಿತೆ ಮೊದಲು ಅಚ್ಚಾದದ್ದು ದಿಲ್ಲಿಯಲ್ಲಲ್ಲ, ಕಾಶಿಯಲ್ಲೂ ಅಲ್ಲ. ನಮ್ಮ ಹೈದರಾಬಾದಿನ ‘ಕಲ್ಪನಾ’ ಪತ್ರಿಕೆಯಲ್ಲಿ, 1964ರ ನವೆಂಬರಿನಲ್ಲಿ, ‘ಆಶಂಕಾ ಕೆ ದ್ವೀಪ್: ಅಂಧೇರೆ ಮೇಂ’ ಎಂಬ ಹೆಸರಿನಲ್ಲಿ. ‘ನಮ್ಮ’ ಅಂದದ್ದಕ್ಕೆ ಬೆಂಗಳೂರಿನವರು ಬೇಜಾರಾಗಬಾರದು. 1956ರ ತನಕ ನಾವು ಹೈದರಾಬಾದ್ ರಾಜ್ಯದವರೇ. ಕವಿ ಮಾತ್ರ ಅದನ್ನು ನೋಡಲಿಲ್ಲ. ತೀರಿಕೊಂಡು ಎರಡು ತಿಂಗಳಾಗಿತ್ತು.

ಬದುಕಿದ್ದಾಗ ಅವರ ಒಂದು ಪುಸ್ತಕವೂ ಬರಲಿಲ್ಲವಂತೆ. ನನ್ನ ಎರಡು ಹಸ್ತಪ್ರತಿ ಹತ್ತು ವರ್ಷದಿಂದ ಕಪಾಟಿನಲ್ಲಿವೆ. ದುಡ್ಡು ಕೊಟ್ಟಾದರೂ ಮಾಡಿಸಲೇ?
— ಬ್ಯಾಂಕ್ ನೌಕರ, ಯಾದಗಿರಿ

ಒಂದೂ ಇಲ್ಲ ಅನ್ನುವುದು ಪೂರ್ತಿ ಸರಿಯಲ್ಲ. 1943ರಲ್ಲಿ ಹಿಂದಿ ಕವಿ ಅಜ್ಞೇಯರು ಏಳು ಕವಿಗಳನ್ನು ಸೇರಿಸಿ ತಂದ ‘ತಾರ್ ಸಪ್ತಕ್’ನಲ್ಲಿ ಇವರ ಕವಿತೆಗಳಿದ್ದವು. 1961ರಲ್ಲಿ ಜಯಶಂಕರ ಪ್ರಸಾದರ ‘ಕಾಮಾಯನಿ’ ಕಾವ್ಯದ ಬಗ್ಗೆ ವಿಮರ್ಶೆಯ ಪುಸ್ತಕ ಬಂತು. ಭಾರತದ ಇತಿಹಾಸ, ಸಂಸ್ಕೃತಿಯ ಬಗ್ಗೆ ಒಂದು ಪಠ್ಯಪುಸ್ತಕ ಬರೆದಿದ್ದರು. ಅದನ್ನು 1962ರಲ್ಲಿ ಮಧ್ಯಪ್ರದೇಶ ಸರ್ಕಾರ ನಿಷೇಧಿಸಿತು. ತಮ್ಮದೇ ಕವನ ಸಂಕಲನ ಮಾತ್ರ ಕೈಗೆ ಬರಲಿಲ್ಲ. ಮಾಸ್ತರಿಕೆ, ನಾಗಪುರದಲ್ಲಿ ಪತ್ರಿಕೆಯ ಕೆಲಸ, 1958ರಿಂದ ರಾಜನಾಂದಗಾಂವದ ದಿಗ್ವಿಜಯ ಕಾಲೇಜಿನಲ್ಲಿ ಪಾಠ. ಬರೆದದ್ದನ್ನೇ ಮತ್ತೆ ಮತ್ತೆ ತಿದ್ದುತ್ತಿದ್ದರು. 1964ರ ಫೆಬ್ರವರಿಯಲ್ಲಿ ಲಕ್ವ ಹೊಡೆಯಿತು. ಮೊದಲು ಭೋಪಾಲ್, ಆಮೇಲೆ ದಿಲ್ಲಿಯ ಏಮ್ಸ್ ಆಸ್ಪತ್ರೆ. ಅವರು ಹಾಸಿಗೆಯಲ್ಲಿದ್ದಾಗ ಗೆಳೆಯರು ಸೇರಿ ಸಂಕಲನದ ಕೆಲಸಕ್ಕೆ ಕೂತರು. ಸೆಪ್ಟೆಂಬರ್ 11ರಂದು ತೀರಿಕೊಂಡರು. ವಯಸ್ಸು 46. ‘ಚಾಂದ್ ಕಾ ಮುಂಹ್ ಟೇಢಾ ಹೈ’, ಅಂದರೆ ಚಂದ್ರನ ಮೋರೆ ಸೊಟ್ಟ, ಅದಾದ ಮೇಲೆ ಬಂತು.

ನಿಮ್ಮ ವಿಷಯಕ್ಕೆ ಬರೋಣ. ನಾನೂ ಒಮ್ಮೆ ದುಡ್ಡು ಕೊಟ್ಟೆ. ಐನೂರು ಪ್ರತಿಯಲ್ಲಿ ನಾನೂರು ಇನ್ನೂ ನಮ್ಮ ಮಂಚದ ಕೆಳಗಿವೆ. ಮನೆಯವಳು ಪ್ರತಿ ಯುಗಾದಿಗೆ ಅವನ್ನು ಎಳೆದು, ಧೂಳು ಹೊಡೆದು, ಒಂದು ಮಾತು ಅಂದು, ಮತ್ತೆ ತಳ್ಳುತ್ತಾಳೆ. ಮೊದಲು ಒಂದು ಹಸ್ತಪ್ರತಿಯನ್ನು ನಿಮ್ಮನ್ನು ಹೊಗಳದ ಗೆಳೆಯನಿಗೆ ಕೊಡಿ. ಅಂಥವರು ಯಾರೂ ಇಲ್ಲದಿದ್ದರೆ ನನಗೆ ಕಳಿಸಿ.

ಚಿತ್ರಕಾರ ಎಂ.ಎಫ್. ಹುಸೇನ್ ಚಪ್ಪಲಿ ಬಿಟ್ಟದ್ದು ಈ ಕವಿಯ ಸಾವಿನ ದಿನವೇ?
— ಓದುಗರು, ಹುಮನಾಬಾದ್

ಹೌದು, ಅವರ ಅಂತ್ಯಕ್ರಿಯೆಗೆ ಹೋದಾಗಿನಿಂದ ಬರಿಗಾಲಲ್ಲಿ ನಡೆದರು ಎಂದು ಬಹಳ ಮಂದಿ ಬರೆದಿದ್ದಾರೆ. ಚಪ್ಪಲಿಯ ಕತೆ ಗೊತ್ತಿರುವವರು ಸಾವಿರ, ಕವಿತೆ ಓದಿದವರು ಹತ್ತು. ನೀವು ಹನ್ನೊಂದನೆಯವರಾಗಿ.

ಹಿಂದಿ ಅಷ್ಟಕ್ಕಷ್ಟೆ. ಆದರೂ ಒಂದು ಕವಿತೆಯನ್ನಾದರೂ ಓದಬೇಕು. ಯಾವುದು?
— ಗೃಹಿಣಿ, ಬೀದರ್

‘ಭೂಲ್-ಗಲತೀ’ ಓದಿ, ತಾಯಿ. ಚಿಕ್ಕದು. ತಪ್ಪು ಎಂಬುದು ಉಕ್ಕಿನ ಅಂಗಿ ತೊಟ್ಟು ಸುಲ್ತಾನನ ಹಾಗೆ ಎದೆಯ ತಖ್ತಿನ ಮೇಲೆ ಕೂತಿದೆ. ಸುತ್ತ ದರ್ಬಾರು, ಎಲ್ಲರದೂ ತಲೆ ಬಾಗಿದೆ. ಮೈತುಂಬ ಗಾಯದ ಒಬ್ಬ ಕೈದಿಯನ್ನು ಎಳೆದು ತರುತ್ತಾರೆ. ಅವನ ಹೆಸರು ಈಮಾನ್, ನಿಯತ್ತು. ತಖ್ತು, ದರ್ಬಾರು, ಈಮಾನು ಅಂದರೆ ಬೀದರಿನವರಿಗೆ ಡಿಕ್ಷನರಿ ಬೇಕಾ? ನೀವು ಸಂತೆಯಲ್ಲಿ ದಿನಾ ಕೇಳುವ ಮಾತುಗಳೇ.

ಸಾಧ್ಯವಾದರೆ ಕಿಲ್ಲಾಕ್ಕೆ ಹೋಗಿ ತಖ್ತ್ ಮಹಲಿನ ಹತ್ತಿರ ಕೂತು ಓದಿ. ಭಾನುವಾರ ಬೇಡ, ಸೆಲ್ಫಿ ಗದ್ದಲ ಜಾಸ್ತಿ. ಒಳಗೆ ಬಿಡದಿದ್ದರೆ ಹೊರಗಿನ ಕಟ್ಟೆಯೂ ಆದೀತು. ಒಂದು ಸಲ ಗಟ್ಟಿಯಾಗಿ ಓದಿ.