ಪ್ರತಿ: ಪ್ಯಾರಾಚೂಟ್ ಬಿಚ್ಚಿದಾಗ ಹಿಂಬದಿ ಏಳುತ್ತೆ, ಅದಕ್ಕೂ ಮೊದಲೇ ಬಾಲ ಅಲೆಯುತ್ತೆ

ವೇಗದ ಓಟದ ಕೊನೆಗೆ ಕಾರು ನಿಲ್ಲಿಸೋಕೆ ಪ್ಯಾರಾಚೂಟ್ ಬಿಚ್ಚಿದಾಗ ಹಿಂಬದಿ ಏಳುತ್ತೆ, ಅದಕ್ಕೂ ಮೊದಲೇ ಬಾಲ ಅತ್ತಿತ್ತ ಅಲೆಯುತ್ತೆ ಅಂತ ಕೇಳಿದ್ದೀರಿ. ಹಿಂಬದಿ ಏಳೋದಕ್ಕೆ ಕಾರಣ, ಪ್ಯಾರಾಚೂಟಿನ ಹಗ್ಗವನ್ನು ಕಾರಿಗೆ ಸಿಕ್ಕಿಸುವ ಕೊಂಡಿ ತೀರಾ ಕೆಳಗಿರೋದು. ಎಳೆತ ಗುರುತ್ವ ಕೇಂದ್ರಕ್ಕಿಂತ ಕೆಳಗಿದ್ದರೆ ಮೂಗು ತಗ್ಗಿ ಹಿಂದಿನ ಚಕ್ರಗಳು ಹಗುರಾಗುತ್ತವೆ. ಮೇಲಿದ್ದರೆ ಮುಂದಿನವು ಹಗುರಾಗಿ ಸ್ಟೀರಿಂಗ್ ಮಾತು ಕೇಳಲ್ಲ, ಅದು ಇನ್ನೂ ಕೆಟ್ಟದ್ದು. ಬಾಲ ಅಲೆಯೋದು ಬಹುಶಃ ಚಕ್ರಗಳ ಹಿಡಿತಕ್ಕೆಂದು ಹಿಂದಿನ ಆಕ್ಸಲ್ಲಿನ ಆಚೆ ಭಾರವಾಗಿ ಹಾಕಿರುವ ಸೀಸದಿಂದ. ಫೋಟೋ ನೋಡದೆ ಖಚಿತವಾಗಿ ಹೇಳಲಾರೆ, ಟೈರ್ ಅಥವಾ ಅಲೈನ್‌ಮೆಂಟ್ ಕೂಡ ಇರಬಹುದು.

ಮೊದಲು ಸೀಸವನ್ನು ಆಕ್ಸಲ್ಲಿನ ಮುಂದಕ್ಕೆ ತನ್ನಿ. ಪಕ್ಕದ ಗಾಳಿಯ ಒತ್ತು ಬೀಳುವ ಜಾಗಕ್ಕಿಂತ ಗುರುತ್ವ ಕೇಂದ್ರ ಮುಂದಿರಬೇಕು, ಬಾಣದ ತುದಿ ಭಾರ ಇರೋ ಹಾಗೆ. ಸೀಸವನ್ನು ಚಾಸಿಗೇ ಬೋಲ್ಟ್ ಹಾಕಿ. ಬೆಲ್ಟಿನಲ್ಲಿ ಕಟ್ಟಿದ್ದು, ಕಾರು ಉರುಳಿದರೆ ಚಾಲಕನ ಬೆನ್ನಿಗೇ ಬರುತ್ತೆ.

ಆಮೇಲೆ ಗುರುತ್ವ ಕೇಂದ್ರದ ಎತ್ತರ ತಿಳಿಯೋಕೆ ಕಾರನ್ನು ಚಾಲಕ, ಇಂಧನ ಸಮೇತ ತೂಗಿ. ಸಸ್ಪೆನ್ಷನ್ ಅಲುಗದಂತೆ ಬಿಗಿದು ಹಿಂಬದಿ ಎತ್ತಿ, ಮುಂದಿನ ಚಕ್ರಗಳ ತೂಕ ಎಷ್ಟು ಏರಿತು ನೋಡಿ. ಆ ಏರಿಕೆಯನ್ನು ವೀಲ್‌ಬೇಸಿನಿಂದ (ಮುಂದಿನ, ಹಿಂದಿನ ಆಕ್ಸಲ್ಲುಗಳ ನಡುವಿನ ದೂರ) ಗುಣಿಸಿ, ಒಟ್ಟು ತೂಕದಿಂದ ಭಾಗಿಸಿ, ಮತ್ತೆ ಎತ್ತಿದ ಕೋನದ ಟ್ಯಾನ್‌ನಿಂದ ಭಾಗಿಸಿ. ಅದಕ್ಕೆ ಚಕ್ರದ ನಡುವಿನ ಎತ್ತರ ಕೂಡಿಸಿದರೆ ಗುರುತ್ವ ಕೇಂದ್ರದ ಎತ್ತರ ಸಿಗುತ್ತೆ. ಕೊಂಡಿ ಅದೇ ಎತ್ತರಕ್ಕೆ, ಕಾರಿನ ನಡುಗೆರೆಯ ಮೇಲೆ ಬರಲಿ.

ಹಗ್ಗ ಗಿಡ್ಡವಾದರೆ ಪ್ಯಾರಾಚೂಟ್ ಕಾರಿನ ಹಿಂದಿನ ಸುಳಿಗಾಳಿಯಲ್ಲೇ ಕುಣಿಯುತ್ತೆ. ಉದ್ದವನ್ನು ತಯಾರಕರನ್ನೇ ಕೇಳಿ, ನಿಮ್ಮ ತೂಕ, ವೇಗ ತಿಳಿಸಿ.

150 ಕಿ.ಮೀ. ವೇಗದಲ್ಲಿ ಸರಿಯಿದೆ ಅಂತ ನಂಬಬೇಡಿ, 300ರಲ್ಲಿ ಎಳೆತ ನಾಲ್ಕು ಪಟ್ಟು. ವೇಗವನ್ನು ಹಂತಹಂತವಾಗಿ ಏರಿಸಿ, ಪ್ರತಿ ಓಟದ ನಂತರ ಕೊಂಡಿಯ ವೆಲ್ಡಿಂಗ್ ಬಿರುಕು ಬಿಟ್ಟಿದೆಯಾ ನೋಡಿ.