ನಕ್ಷತ್ರದ ವಯಸ್ಸು ತಿಳಿಯುವುದು ಹೇಗೆ?

ಪ್ರಶ್ನೆ: ಮಗಳೊಂದಿಗೆ ವರ್ಲಿಯ ನೆಹರು ತಾರಾಲಯಕ್ಕೆ ಹೋಗಿದ್ದಾಗ ಕೃತ್ತಿಕಾ ನಕ್ಷತ್ರಗಳಿಗೆ ಹತ್ತು ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ ಎಂದು ಕೇಳಿದೆವು. ಹುಟ್ಟಿದ್ದನ್ನು ಯಾರೂ ಕಾಣದ ನಕ್ಷತ್ರದ ವಯಸ್ಸನ್ನು ಲೆಕ್ಕ ಹಾಕುವುದು ಹೇಗೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಒಂಟಿ ನಕ್ಷತ್ರದ ವಯಸ್ಸು ತಿಳಿಯುವುದು ನಿಜಕ್ಕೂ ಕಷ್ಟ. ಸೂರ್ಯನಂಥ ನಕ್ಷತ್ರ ಜಲಜನಕವನ್ನು ಹೀಲಿಯಂ ಆಗಿ ಮಾರ್ಪಡಿಸುತ್ತ, ಹೊರನೋಟಕ್ಕೆ ಹೆಚ್ಚೇನೂ ಬದಲಾಗದೆ ಆಯುಷ್ಯದ ಬಹುಭಾಗವನ್ನು ಕಳೆಯುತ್ತದೆ. ಕೃತ್ತಿಕೆಯ ವಯಸ್ಸು ಸಿಕ್ಕಿದ್ದು ಅದು ಒಂಟಿಯಲ್ಲದ್ದರಿಂದ. ಬರಿಗಣ್ಣಿಗೆ ಆರೇಳು ಚುಕ್ಕಿಗಳಾಗಿ ಕಾಣುವ ಆ ಗುಂಪಿನಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳಿದ್ದು, ಅವೆಲ್ಲ ಒಂದೇ ಅನಿಲಮೋಡದಿಂದ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟಿದವು.

ಒಡಹುಟ್ಟಿದವಾದರೂ ಅವುಗಳ ಆಯುಷ್ಯ ಒಂದೇ ಅಲ್ಲ. ದ್ರವ್ಯರಾಶಿ ಹೆಚ್ಚಿದ್ದಷ್ಟೂ ಇಂಧನ ಬೇಗ ಮುಗಿಯುತ್ತದೆ: ಸೂರ್ಯನಿಗೆ ಸುಮಾರು 1000 ಕೋಟಿ ವರ್ಷ ಸಾಲುವ ಜಲಜನಕ, ಅದರ ಐದು ಪಟ್ಟು ದ್ರವ್ಯರಾಶಿಯ ನಕ್ಷತ್ರದಲ್ಲಿ ಸುಮಾರು 10 ಕೋಟಿ ವರ್ಷಗಳಲ್ಲೇ ತೀರುತ್ತದೆ. ಗುಂಪಿನ ಪ್ರತಿ ನಕ್ಷತ್ರದ ಬಣ್ಣವನ್ನೂ ಪ್ರಕಾಶವನ್ನೂ ಅಳೆದು ನಕ್ಷೆಯಲ್ಲಿ (ಮೇಲೆ ಹೆಚ್ಚು ಪ್ರಕಾಶದವು, ಎಡಕ್ಕೆ ನೀಲಿ, ಬಲಕ್ಕೆ ಕೆಂಪು) ಗುರುತಿಸಿದರೆ, ಹೆಚ್ಚಿನವು ಒಂದು ಓರೆಪಟ್ಟಿಯ ಮೇಲೆ ಸಾಲಾಗಿ ನಿಲ್ಲುತ್ತವೆ. ಇಂಧನ ಮುಗಿಯುತ್ತ ಬಂದ ಮೇಲ್ತುದಿಯವು ಮಾತ್ರ ಪಟ್ಟಿಯನ್ನು ಬಿಟ್ಟು ಬಲಕ್ಕೆ ಹೊರಳಿರುತ್ತವೆ. ಆ ತಿರುವಿನಲ್ಲಿ ನಿಂತ ನಕ್ಷತ್ರದ ಆಯುಷ್ಯವೇ ಇಡೀ ಗುಂಪಿನ ವಯಸ್ಸು.

ಕೃತ್ತಿಕೆಯಲ್ಲಿ ತಿರುವು ಇನ್ನೂ ದ್ರವ್ಯರಾಶಿ ಹೆಚ್ಚಿರುವ ನೀಲಿ ನಕ್ಷತ್ರಗಳ ಬಳಿಯೇ ಇದೆ. ರೋಹಿಣಿಯ ಸುತ್ತ ಕಾಣುವ ಹಯಡೀಸ್ ಗುಂಪಿನಲ್ಲಿ ಅದು ಬಹಳ ಕೆಳಗಿಳಿದಿರುವುದರಿಂದ ಅದರ ವಯಸ್ಸು ಸುಮಾರು 65 ಕೋಟಿ ವರ್ಷ. ರೋಹಿಣಿ ಮಾತ್ರ ಆ ಗುಂಪಿನದಲ್ಲ. ಅದೇ ದಿಕ್ಕಿನಲ್ಲಿ ನಮಗೆ ಹೆಚ್ಚು ಹತ್ತಿರದಲ್ಲಿದೆ, ಅಷ್ಟೆ. ಡಿಸೆಂಬರಿನ ರಾತ್ರಿ ಮಾಥೇರಾನಿನಂಥ ಕತ್ತಲಿರುವ ಕಡೆ ಹೋದರೆ ಮಗಳಿಗೆ ಎರಡು ಗುಂಪುಗಳನ್ನೂ ತಪ್ಪದೆ ತೋರಿಸಿ.

ಸೂರ್ಯನ ವಯಸ್ಸನ್ನು ಅದರ ಜೊತೆಗೇ ರೂಪುಗೊಂಡ ಉಲ್ಕಾಶಿಲೆಗಳು ತಿಳಿಸಿವೆ. ಅವುಗಳಲ್ಲಿ ಯುರೇನಿಯಂ ಎಷ್ಟರಮಟ್ಟಿಗೆ ಸೀಸವಾಗಿದೆ ಎಂದು ಅಳೆದಾಗ 457 ಕೋಟಿ ವರ್ಷ ಎಂಬ ಉತ್ತರ ಬಂದಿದೆ.

ಒಂಟಿ ನಕ್ಷತ್ರಗಳಿಗೆ ಅವುಗಳ ತಿರುಗುವಿಕೆಯೇ ಆಧಾರ. ಸೂರ್ಯನಂಥ ನಕ್ಷತ್ರ ವಯಸ್ಸಾದಂತೆ ನಿಧಾನವಾಗಿ ತಿರುಗುತ್ತದೆ ಎಂಬುದನ್ನು 1972ರಲ್ಲಿ ಆಂಡ್ರ್ಯೂ ಸ್ಕುಮಾನಿಚ್ ಸೂತ್ರವಾಗಿ ಕೊಟ್ಟರು. ಕೃತ್ತಿಕೆಯಲ್ಲಿನ ಇಂಥ ನಕ್ಷತ್ರಗಳು ಕೆಲವೇ ದಿನಗಳಿಗೊಂದು ಸುತ್ತು ತಿರುಗಿದರೆ, ಸೂರ್ಯನ ನಡುಭಾಗಕ್ಕೆ ಸುಮಾರು 25 ದಿನ ಬೇಕು. ಆದರೆ ಸೂರ್ಯನಿಗಿಂತ ಹಳೆಯ ಕೆಲವು ನಕ್ಷತ್ರಗಳು ಈ ಸೂತ್ರ ಹೇಳುವುದಕ್ಕಿಂತ ವೇಗವಾಗಿ ತಿರುಗುತ್ತಿರುವುದು ಕೆಪ್ಲರ್ ದೂರದರ್ಶಕದ ದತ್ತಾಂಶದಿಂದ ಕಂಡುಬಂದಿರುವುದರಿಂದ, ಹಿರಿಯ ನಕ್ಷತ್ರಗಳಿಗೆ ಅವುಗಳ ಒಳಗಿನ ಕಂಪನಗಳಿಂದ ತಿಳಿಯುವ ವಯಸ್ಸನ್ನೇ ಹೆಚ್ಚು ನಂಬಬೇಕಾಗುತ್ತದೆ.